ಸರ್ನಾ ಮನೆ ಸೇರಿದ ಬಗೆ

ನಾಯಿ ಬೇಕೆಂದು ನಮ್ಮ ಆಶ್ರಯಧಾಮಕ್ಕೆ ಬರುವವರು ಬಾಗಿಲ ಹತ್ತಿರದ ಗೂಡುಗಳ ಮುಂದೆಯೇ ನಿಂತುಬಿಡುತ್ತಾರೆ. ಅವರದೇನೂ ತಪ್ಪಿಲ್ಲ. ಅಲ್ಲಿಯ ನಾಯಿಗಳು ಸರಳಿಗೆ ಮುಂಗಾಲು ಕೊಟ್ಟು ನಿಂತು, ಬಾಲ ಆಡಿಸಿ, ಕೈ ನೆಕ್ಕಿ, ನಮ್ಮನ್ನು ಕರೆದುಕೊಂಡು ಹೋಗಿ ಎಂದು ತಾವೇ ಕೇಳಿಕೊಳ್ಳುತ್ತವೆ. ಸಾಲಿನ ಕೊನೆಯ ಗೂಡಿನವರೆಗೆ ನಡೆದು ಹೋಗುವವರು ಕಡಿಮೆ. ಹೋದವರಿಗೂ ಕಾಣುವುದು ಮೂಲೆಗೆ ಒತ್ತಿಕೊಂಡ ಒಂದು ಬೆನ್ನು ಮಾತ್ರ. "ಪಾಪ, ಇದಕ್ಕೆ ಹುಷಾರಿಲ್ವೇನೋ" ಎಂದು ಹಿಂತಿರುಗುತ್ತಾರೆ. ಹುಷಾರಾಗಿಯೇ ಇರುತ್ತದೆ. ಹೆದರಿಕೆ, ಅಷ್ಟೇ.

ಸರ್ನಾ ಅಂಥ ಗೂಡಿನಲ್ಲಿದ್ದಳು. ಸರ್ನಾ ಅಂದರೆ ನಮ್ಮ ಬಲ್ಗೇರಿಯನ್ ಮಾತಿನಲ್ಲಿ ಜಿಂಕೆ. ಕಂದು ಬಣ್ಣ, ಉದ್ದನೆಯ ಕಾಲು, ಒಂದು ಕಿವಿ ನೆಟ್ಟಗೆ, ಇನ್ನೊಂದು ಅರ್ಧಕ್ಕೆ ಮಡಿಚಿದ್ದು. ರೈಲು ಹಳಿಯ ಪಕ್ಕದ ಪಾಳು ಕಾರ್ಖಾನೆಯೊಂದರಲ್ಲಿ ಹುಟ್ಟಿ ಬೆಳೆದವಳು. ಮನುಷ್ಯರೆಂದರೆ ಕಲ್ಲು ಎಸೆಯುವವರು ಎಂದೇ ಅವಳು ತಿಳಿದಿದ್ದಳು. ಆಶ್ರಯಧಾಮ ನಡೆಸುವ ಬಿಸೆರಾ ಅವಳನ್ನು ಕಾಪಾಡಿ ತಂದು, ಲಸಿಕೆ ಹಾಕಿಸಿ, ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿ, ಎರಡು ಸಲ ಮನೆಯನ್ನೂ ಹುಡುಕಿಕೊಟ್ಟಳು. ಎರಡು ಸಲವೂ ಸರ್ನಾ ವಾಪಸು ಬಂದಳು. "ಮಂಚದ ಕೆಳಗಿಂದ ಹೊರಗೇ ಬರಲಿಲ್ಲ" ಎಂದರು ಮೊದಲನೆಯವರು. "ಬೊಗಳುವುದೇ ಇಲ್ಲ, ಇಂಥ ನಾಯಿ ಯಾಕೆ" ಎಂದರು ಎರಡನೆಯವರು. ಎರಡನೆಯ ಸಲ ಬಂದ ಮೇಲೆ, ಯಾರಾದರೂ ಎದುರಿಗಿದ್ದರೆ ಅವಳು ಅನ್ನ ನೀರು ಮುಟ್ಟುವುದನ್ನೇ ಬಿಟ್ಟಳು.

ದ್ರಾಕ್ಷಿ ಕೊಯ್ಲು ಮುಗಿದ ದಿನಗಳಲ್ಲಿ ಬಿಸೆರಾ ಅವಳನ್ನು ನನ್ನ ಮನೆಗೆ ಕರೆತಂದಳು.

"ದೋನ್ಕಾ ಅಮ್ಮ, ಚಳಿಗಾಲ ಮುಗಿಯೋ ತನಕ ಇವಳನ್ನ ಇಟ್ಕೊಳ್ತೀರಾ? ಮನೆ ಅಂದ್ರೆ ಏನು ಅಂತ ಇವಳಿಗೆ ಸ್ವಲ್ಪ ಗೊತ್ತಾಗ್ಲಿ. ಮೂರನೇ ಸಲಾನೂ ವಾಪಸ್ ಬಂದ್ರೆ ಇವಳು ಮನುಷ್ಯರ ಕಡೆ ತಿರುಗಿಯೂ ನೋಡಲ್ಲ. ಆ ಮೂಲೇಲೇ ಮುದುಕಿ ಆಗ್ತಾಳೆ."

ಆಶ್ರಯಧಾಮದ ಅಂಜುಬುರುಕ ನಾಯಿಗಳಲ್ಲಿ ಒಂದೊಂದನ್ನು ನಾನು ಮನೆಯಲ್ಲಿಟ್ಟು ಸಾಕುತ್ತೇನೆ. ಅದಕ್ಕೆ ಕಾಯಂ ಮನೆ ಸಿಕ್ಕಿದ ಮೇಲೆ ಇನ್ನೊಂದು ಬರುತ್ತದೆ. ನನಗೂ ವಯಸ್ಸಾಗಿದೆ. ಎರಡನ್ನು ಒಟ್ಟಿಗೆ ನೋಡಿಕೊಳ್ಳುವ ಶಕ್ತಿಯಿಲ್ಲ. ಸರ್ನಾ ಬಂದವಳೇ ಅಡುಗೆಮನೆಯ ಸೌದೆ ಒಲೆಯ ಹಿಂದೆ ನುಗ್ಗಿದಳು. ನಾನು ಅಲ್ಲೊಂದು ಕಂಬಳಿ ಹಾಸಿ, ನೀರಿಟ್ಟು, ನನ್ನ ಪಾಡಿಗೆ ನಾನು ಬೀನ್ಸ್ ಬಿಡಿಸುತ್ತ ಕುಳಿತೆ.

ನೆವೆನಾ ನನ್ನ ಮನೆಯಿಂದ ಎರಡು ಮನೆ ಆಚೆ ಇರುವವಳು. ಹೊಲಿಗೆ ಕಾರ್ಖಾನೆಯ ಕೆಲಸ ಬಿಟ್ಟ ಮೇಲೆ ಮಧ್ಯಾಹ್ನದ ಹೊತ್ತು ಕಾಫಿಗೆ ಬರುತ್ತಿದ್ದಳು. ಮೆಲ್ಲಗೆ ಮಾತಾಡುವ ಹೆಂಗಸು, ಕೈಯಲ್ಲಿ ಸದಾ ಉಣ್ಣೆಯ ಹೆಣಿಗೆ. ಒಂದು ದಿನ ಅವಳ ಉಣ್ಣೆಯ ಉಂಡೆ ತೊಡೆಯಿಂದ ಜಾರಿ, ಉರುಳುತ್ತ ಒಲೆಯ ಹಿಂದೆ ಹೋಯಿತು. ಬೇರೆ ಯಾರಾದರೂ ದಾರ ಹಿಡಿದು ಎಳೆಯುತ್ತಿದ್ದರು. ನೆವೆನಾ ಎಳೆಯಲಿಲ್ಲ. ದಾರ ಮೂತಿಯ ಮುಂದೆ ಹರಿದಾಡಿದರೆ ಸರ್ನಾ ಬೆಚ್ಚಿಬೀಳುತ್ತಾಳೆಂದು ಅವಳಿಗೆ ಹೊಳೆಯಿತು. ಸದ್ದಿಲ್ಲದೆ ದಾರ ಕತ್ತರಿಸಿ, ಚೀಲದಿಂದ ಇನ್ನೊಂದು ಉಂಡೆ ತೆಗೆದು, ಹೆಣೆಯುವುದನ್ನು ಮುಂದುವರಿಸಿದಳು. ಈ ನಾಯಿಗೆ ಇವಳ ಮನೆಯೇ ಸರಿ ಎಂದು ನನಗೆ ಆಗಲೇ ಅನಿಸಿತು.

ಸರ್ನಾಳಿಗೂ ಅನಿಸಿತ್ತೇನೋ. ಚಳಿ ಶುರುವಾಗುವ ಹೊತ್ತಿಗೆ ನೆವೆನಾಳ ಹೆಜ್ಜೆ ಸದ್ದು ಕೇಳಿದರೆ ಒಲೆಯ ಹಿಂದಿನಿಂದ ಮೂಗು ಹೊರಗೆ ಬರುತ್ತಿತ್ತು. ಆಮೇಲೆ ಕುತ್ತಿಗೆ ಬಂತು. ಒಂದು ಮಧ್ಯಾಹ್ನ ಪೂರ್ತಿ ನಾಯಿಯೇ ಬಂದು ನೆವೆನಾಳ ಕುರ್ಚಿಯ ಹಿಂದೆ ಮಲಗಿತು.

"ಅಕ್ಕ, ಇವಳನ್ನ ನಾನು ಕರ್ಕೊಂಡು ಹೋಗ್ಲಾ?" ಎಂದು ನೆವೆನಾ ಪಿಸುಗುಟ್ಟಿದಳು. "ನಮ್ಮವರು ಒಪ್ಪಬೇಕಲ್ಲ, ಅದೇ ಯೋಚನೆ."

ಅವಳ ಗಂಡ ತ್ರಿಫೋನ್. ದೊಡ್ಡ ಆಳು, ದೊಡ್ಡ ಮೀಸೆ, ದೊಡ್ಡ ದನಿ. ದ್ರಾಕ್ಷಿತೋಟದ ಈ ತುದಿಯಿಂದ ಆ ತುದಿಗೆ ಮಾತಾಡಿ ಮಾತಾಡಿ, ಪಕ್ಕದಲ್ಲಿ ಕುಳಿತವರ ಜೊತೆಗೂ ಹಾಗೆಯೇ ಮಾತಾಡುವುದು ಅವನಿಗೆ ರೂಢಿಯಾಗಿತ್ತು. ಮರುದಿನವೇ ನಮ್ಮ ಬೇಲಿಯ ಹತ್ತಿರ ಬಂದು ನಿಂತ.

"ದೋನ್ಕಕ್ಕ, ನನ್ನ ಹೆಂಡ್ತಿಗೆ ಏನು ಮಂಕುಬೂದಿ ಎರಚಿದ್ದೀರಿ? ಊರಲ್ಲಿ ನಾಯಿಗೇನು ಬರಗಾಲವಾ? ಇಲ್ಲೇ ನಿಂತು ಶಿಳ್ಳೆ ಹಾಕಿದ್ರೆ ಹತ್ತು ಓಡಿ ಬರ್ತವೆ. ಅವಳಿಗೆ ಬೇಕಾಗಿರೋದು ಒಲೆ ಹಿಂದೆ ಬಚ್ಚಿಟ್ಕೊಂಡಿರೋ ಹೊಸ ಸೊಸೆ."

"ಹೊಸ ಸೊಸೆ ಎಷ್ಟು ದಿನ ಅಂತ ಬಚ್ಚಿಟ್ಕೊಂಡಿರ್ತಾಳೆ, ತ್ರಿಫೋನ್?"

"ನಮ್ಮನೆ ಸೊಸೆ ಬಂದ ದಿನಾನೇ ನನ್ನ ಕುರ್ಚೀಲಿ ಕೂತಳು. ಅದಿರ್ಲಿ. ಈ ನಾಯಿ ಬೊಗಳ್ತದಾ?"

"ಇಲ್ಲ."

"ಕೋಳಿ ಕಾಯ್ತದಾ?"

"ಕೋಳಿ ಕಂಡ್ರೆ ಹೆದರ್ತಾಳೆ."

"ಮತ್ತೆ ಏನು ಮಾಡ್ತದೆ?"

"ನೆವೆನಾ ಬಂದ್ರೆ ಬಾಲದ ತುದಿ ಅಲ್ಲಾಡಿಸ್ತಾಳೆ."

"ತುದಿ ಮಾತ್ರವಾ?"

"ಸದ್ಯಕ್ಕೆ ತುದಿ."

ತ್ರಿಫೋನ್ ಮೀಸೆಯೊಳಗೇ ನಕ್ಕ. ನಕ್ಕರೆ ಅರ್ಧ ಒಪ್ಪಿದ ಹಾಗೆ ಎಂದು ನೆವೆನಾ ಆಮೇಲೆ ಹೇಳಿದಳು. ಉಳಿದರ್ಧಕ್ಕೆ ಅವನನ್ನು ನಮ್ಮ ಮನೆಗೆ ಕರೆಸಬೇಕಾಯಿತು. ಮನೆಯವರೆಲ್ಲ ಮೊದಲೇ ಬಂದು ಬಂದು ಪರಿಚಯ ಮಾಡಿಕೊಳ್ಳದೆ ಅಂಜುಬುರುಕ ನಾಯಿಯನ್ನು ಬಿಸೆರಾ ಯಾರಿಗೂ ಕೊಡುವುದಿಲ್ಲ.

ಬಿಸೆರಾ ಮೊದಲೇ ಬಂದು ಕಾಯುತ್ತಿದ್ದಳು. ಅವನು ಬಂದದ್ದು ತನ್ನ ಕೈಯಾರೆ ಒಣಗಿಸಿದ ಮಾಂಸದ ತುಂಡು ಹಿಡಿದು. ಬಾಗಿಲಲ್ಲೇ "ಎಲ್ಲಮ್ಮ ಹುಡುಗಿ?" ಎಂದ. ಸೀದಾ ಒಲೆಯ ಹತ್ತಿರ ಹೋಗಿ ಬಗ್ಗಿ, ತಲೆ ಸವರಲು ಕೈ ನೀಡಿದ. ಸರ್ನಾ ನಿಂತಲ್ಲೇ ಉಚ್ಚೆ ಹೊಯ್ದುಕೊಂಡು, ಗೋಡೆಗೂ ಒಲೆಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಳು. ತ್ರಿಫೋನ್ ಕೈ ಹಿಂದಕ್ಕೆ ತೆಗೆದುಕೊಂಡ. ಅವನ ಮುಖ ಸಣ್ಣದಾಯಿತು.

"ನಾನೇನು ಹೊಡೆದ್ನಾ?"

"ಇಲ್ಲ ಮಾವ" ಎಂದಳು ಬಿಸೆರಾ. ಊರಿನ ಹಿರಿಯರೆಲ್ಲ ಅವಳಿಗೆ ಮಾವನೇ. ಅವಳು ಆಗಲೇ ನೆಲ ಒರೆಸುತ್ತಿದ್ದಳು, ಗಡಿಬಿಡಿಯಿಲ್ಲದೆ. "ಆದ್ರೆ ಇವಳ ತಲೆ ಮೇಲೆ ಬಂದ ಕೈಯೆಲ್ಲ ಹೊಡೆದಿವೆ. ನಿಮ್ಮ ಕೈ ಬೇರೆ ಅಂತ ಇವಳಿಗೆ ಹೇಗೆ ಗೊತ್ತಾಗ್ಬೇಕು? ನೀವೇ ತಿಳಿಸ್ಬೇಕು."

"ಹೇಗೆ ತಿಳಿಸ್ಲಿ, ಅಂಚೇಲಿ ಕಾಗದ ಹಾಕ್ಲಾ?"

"ಸುಮ್ನೆ ಕೂತು ತಿಳಿಸಿ. ಪಕ್ಕಕ್ಕೆ ತಿರುಗಿ ಕೂತ್ಕೊಳ್ಳಿ, ಗೋಡೆ ಕಡೆ. ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಡಿ. ಒಂದು ಚೂರು ಮಾಂಸ ದೂರಕ್ಕೆ ಹಾಕಿ ಮರೆತುಬಿಡಿ. ತಿಂದ್ರೂ ಸರಿ, ಬಿಟ್ರೂ ಸರಿ. ಅವಳಾಗಿ ಬಂದು ಮೂಸಿದ ಮೇಲೆ ಬೇಕಾದ್ರೆ ಮುಟ್ಟಿ. ಅದೂ ಎದೆ ಹತ್ರ, ಕೆಳಗಿಂದ."

"ಇನ್ನೊಬ್ಬರ ಮನೇಲಿ ಗೋಡೆ ನೋಡ್ಕೊಂಡು ಕೂತ್ರೆ ಜನ ನನಗೆ ತಲೆ ಕೆಟ್ಟಿದೆ ಅಂತಾರೆ."

"ಅದನ್ನ ಜನ ಹೊಸದಾಗಿ ಹೇಳ್ಬೇಕಾ?" ಎಂದಳು ನೆವೆನಾ, ಹೆಣಿಗೆಯಿಂದ ತಲೆಯೆತ್ತದೆ.

ಅವನು ಕುಳಿತ. ಆ ದಿನವಷ್ಟೇ ಅಲ್ಲ, ಆಮೇಲೂ ಬಂದು ಕುಳಿತ. ಬಾಯಿ ಮುಚ್ಚಿಕೊಂಡಿರುವುದು ಅವನಿಂದ ಆಗದು. ಮೆಲ್ಲಗೆ ಆದರೆ ಮಾತಾಡಬಹುದು ಎಂದು ಬಿಸೆರಾ ಅಪ್ಪಣೆ ಕೊಟ್ಟಿದ್ದಳು. ಹಾಗಾಗಿ ನನ್ನ ಅಡುಗೆಮನೆಯ ಗೋಡೆಗೆ ಅವನು ದ್ರಾಕ್ಷಿಯ ಬೂದಿರೋಗದ ವಿಷಯ, ಈ ವರ್ಷದ ರಸದ ಹುಳಿಯ ವಿಷಯ, ಬಳ್ಳಿ ಕತ್ತರಿಸಲು ಬಾರದ ತನ್ನ ಭಾವಮೈದುನನ ವಿಷಯ ಎಲ್ಲವನ್ನೂ ಹೇಳಿದ. ಅಂಥ ಮೆಲುದನಿ ಅವನಲ್ಲಿದೆಯೆಂದು ಹೆಂಡತಿಗೂ ಗೊತ್ತಿರಲಿಲ್ಲ. ಸರ್ನಾ ಒಂದು ಕಿವಿ ಕೊಟ್ಟು ಕೇಳುತ್ತಿದ್ದಳು.

ಒಂದು ದಿನ ಅವಳು ಅವನ ಬೂಟಿನ ಪಕ್ಕದಲ್ಲಿ ಬಿದ್ದ ಚೂರನ್ನು ಎತ್ತಿಕೊಂಡಳು. ತ್ರಿಫೋನ್ ಲೋಟವನ್ನು ಅರ್ಧದಲ್ಲೇ ಹಿಡಿದು, ಕಾಫಿ ಆರುವವರೆಗೂ ಕದಲಲಿಲ್ಲ. ಎದ್ದು ಹೋಗುವಾಗ "ತಿಂತು, ಅದರಲ್ಲೇನಿದೆ" ಎಂದ. ಸಂಜೆಯೊಳಗೆ ಊರಿನ ಅಂಗಡಿಯಲ್ಲಿದ್ದವರಿಗೆಲ್ಲ ಸುದ್ದಿ ತಲುಪಿತ್ತು.

ಹೊಸ ವರ್ಷ ಕಳೆದ ಮೇಲೆ ಸರ್ನಾ ಅವರ ಮನೆಗೆ ಹೋದಳು. ಬಿಸೆರಾ ಹೇಳಿದಂತೆ ಅಡುಗೆಮನೆಯ ಬೆಂಚಿನ ಕೆಳಗೆ ಪರದೆ ಇಳಿಬಿಟ್ಟು ಜಾಗ ಮಾಡಿದ್ದರು. ಅಲ್ಲಿದ್ದಾಗ ಅವಳನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಹೊರಗೆ ಕರೆದೊಯ್ಯುವಾಗ ಒಂದು ಹಗ್ಗ ಕುತ್ತಿಗೆ ಪಟ್ಟಿಗೆ, ಇನ್ನೊಂದು ಎದೆಯ ಪಟ್ಟಿಗೆ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಒಂದು ಪಟ್ಟಿಯಿಂದ ತಲೆ ನುಸುಳಿಸಿಕೊಳ್ಳುತ್ತದೆ, ಎರಡರಿಂದ ಆಗುವುದಿಲ್ಲ. ಕುತ್ತಿಗೆಯಲ್ಲಿ ಫೋನ್ ನಂಬರಿನ ಬಿಲ್ಲೆ. ಎಲ್ಲಕ್ಕಿಂತ ದೊಡ್ಡ ಕಟ್ಟಳೆಯೆಂದರೆ, ಕೆಲವು ವಾರ ಮನೆಗೆ ನೆಂಟರು ಬರುವಂತಿಲ್ಲ.

ಇದೇ ನಮ್ಮವರಿಗೆ ಕಷ್ಟ. ಮನೆಗೆ ಮಗು ಬರಲಿ, ಸೊಸೆ ಬರಲಿ, ಕುರಿಮರಿಯೇ ಬರಲಿ, ರೊಟ್ಟಿ ಜೇನು ಹಿಡಿದು ನೋಡಲು ಹೋಗದಿದ್ದರೆ ನಮಗೆ ನಿದ್ದೆ ಹತ್ತದು.

"ಏನಪ್ಪ ತ್ರಿಫೋನ್, ನಾಯಿ ತಂದ್ಯೋ ರಾಜಕುಮಾರಿ ತಂದ್ಯೋ? ದರ್ಶನ ಯಾವಾಗ?" ಎಂದು ಬಸ್ ನಿಲ್ದಾಣದಲ್ಲಿ ಕಾಲೆಳೆದರು.

"ಅವಳಿಗೆ ಮನಸ್ಸು ಬಂದಾಗ" ಎಂದು ಅವನು ಗತ್ತಿನಿಂದ ಹೇಳಿದ.

ಆದರೆ ಫೆಬ್ರವರಿಯ ಮೊದಲ ದಿನ ಹತ್ತಿರ ಬಂತು. ಅದು ದ್ರಾಕ್ಷಿ ಬೆಳೆಗಾರರನ್ನು ಕಾಯುವ ಸಂತ ತ್ರಿಫೋನರ ಹಬ್ಬ. ಆ ಹೆಸರಿಟ್ಟುಕೊಂಡವರಿಗೆ ಹೆಸರಿನ ಹಬ್ಬವೂ ಹೌದು. ಬಲ್ಗೇರಿಯಾದಲ್ಲಿ ಹೆಸರಿನ ಹಬ್ಬಕ್ಕೆ ನಾವು ಯಾರನ್ನೂ ಕರೆಯುವುದಿಲ್ಲ. ಬರಬೇಕೆನಿಸಿದವರು ಬರುತ್ತಾರೆ, ಎಲ್ಲರಿಗೂ ಬರಬೇಕೆನಿಸುತ್ತದೆ. ಗಂಡಸರು ಬೆಳಿಗ್ಗೆ ತೋಟಕ್ಕೆ ಹೋಗಿ ಬಳ್ಳಿಯ ಮೊದಲ ಟಿಸಿಲು ಕತ್ತರಿಸಿ, ಕತ್ತರಿಸಿದಲ್ಲಿಗೆ ವೈನ್ ಎರೆದು, ಡೋಲು ಬಾರಿಸಿಕೊಂಡು ಹಬ್ಬದ ಮನೆಗೆ ಬರುತ್ತಾರೆ. ಆ ಮನೆಯ ಗೇಟು ಬೆಳಿಗ್ಗೆಯಿಂದ ತೆರೆದೇ ಇರಬೇಕು. ಮುಚ್ಚಿದ್ದರೆ, ನೀವು ಬರುವುದು ಬೇಡ ಎಂದಂತೆ.

ಹಿಂದಿನ ದಿನ ಬಿಸೆರಾ ಇದಕ್ಕೆಂದೇ ಅವರ ಮನೆಗೆ ಬಂದಳು. ನಾನೂ ಅಲ್ಲಿದ್ದೆ, ನೆವೆನಾಗೆ ಕೋಸಿನ ಎಲೆಯಲ್ಲಿ ಮಾಂಸ ಸುತ್ತಲು ನೆರವಾಗುತ್ತಿದ್ದೆ.

"ಮಾವ, ನಾಳೆ ಅವಳನ್ನ ಹಿಂದಿನ ಕೋಣೇಲಿ ಬಿಟ್ಟು ಬಾಗಿಲಿಗೆ ಬೀಗ ಹಾಕಿ. ರೇಡಿಯೊ ಸಣ್ಣಗೆ ಹಾಕಿಡಿ. ಗೇಟೂ ಮುಚ್ಚಿರ್ಲಿ."

"ಕೋಣೆ ಸರಿ. ಗೇಟು ಆಗಲ್ಲ ಮಗಳೆ. ನಮ್ಮಪ್ಪನ ಕಾಲದಿಂದ ಈ ದಿನ ಗೇಟು ಮುಚ್ಚಿಲ್ಲ."

"ಹಾಗಾದ್ರೆ ಇವತ್ತೇ ದೋನ್ಕಾ ಅಮ್ಮನ ಮನೆಗೆ ಬಿಡಿ. ನಾಡಿದ್ದು ವಾಪಸ್ ಕರ್ಕೊಂಡು ಬನ್ನಿ."

ತ್ರಿಫೋನ್‌ಗೆ ನಿಜಕ್ಕೂ ನೋವಾಯಿತು. "ಹಬ್ಬದ ದಿನ ಮನೆಯೋರನ್ನ ಬೇರೆ ಮನೆಗೆ ಕಳ್ಸೋದಾ? ಊರೆಲ್ಲ ನಮ್ಮನೇಲಿ ಉಂಡು ಹೋಗ್ಬೇಕು, ಇದು ಮಾತ್ರ ಹೊರಗಿರ್ಬೇಕಾ? ಬೇಡಮ್ಮ. ಕೋಣೆ ಬಾಗಿಲು ನಾನು ನೋಡ್ಕೋತೀನಿ."

ಅವನು ಪ್ರೀತಿಯಿಂದಲೇ ಹೇಳಿದ್ದು. ಆದರೆ ಅಂಜುಬುರುಕ ನಾಯಿಗೆ ಹಬ್ಬ ಎಂದರೆ ಗದ್ದಲ, ಬೇರೇನೂ ಅಲ್ಲ.

ಮಾರನೆಯ ದಿನ ಮನೆ ತುಂಬಿತು. ಚಳಿಯಿಂದ ಬಂದವರ ಕೋಟುಗಳೂ ಬೇಕಾದಷ್ಟು. ನಮ್ಮ ಮನೆಗಳಲ್ಲಿ ಅತಿಥಿಗಳ ಕೋಟು ಇಡುವುದು ಹಿಂದಿನ ಕೋಣೆಯ ಮಂಚದ ಮೇಲೆ. ಸರ್ನಾಳನ್ನು ಅಲ್ಲಿ ಬಿಟ್ಟು ಚಿಲಕ ಹಾಕಿದ್ದ ತ್ರಿಫೋನ್, ಬೀಗ ಹಾಕಿರಲಿಲ್ಲ. ಯಾರೋ ಪುಣ್ಯಾತ್ಮರು ನೆವೆನಾಗೆ ಸಹಾಯವಾಗಲೆಂದು ಕೋಟುಗಳನ್ನೆಲ್ಲ ತೋಳತುಂಬ ಅಪ್ಪಿಕೊಂಡು, ಮೊಣಕೈಯಿಂದ ಚಿಲಕ ಸರಿಸಿ, ಭುಜದಿಂದ ತಳ್ಳಿ ಆ ಬಾಗಿಲು ತೆರೆದರು. ಸರಿಯಾಗಿ ಅದೇ ಹೊತ್ತಿಗೆ, ನಮ್ಮೂರಲ್ಲಿ ಕುರಿ ಸಾಕುವ ಅಸೇನ್ ಡೋಲು ಬಾರಿಸುತ್ತ ಅಂಗಳಕ್ಕೆ ಕಾಲಿಟ್ಟ.

ಕಾಲುಗಳ ನಡುವೆ ಕಂದು ಗೆರೆಯೊಂದು ಹಾದುಹೋದಂತೆ ಕಂಡಿತು. ಅಡುಗೆಮನೆ, ಮೆಟ್ಟಿಲು, ಅಂಗಳ, ತೆರೆದ ಗೇಟು. ಸರ್ನಾ ಬೆಟ್ಟದ ಕಡೆಗೆ ಹೊರಟುಹೋದಳು.

"ಹಿಡೀರಿ, ಹಿಡೀರಿ" ಎಂದು ಗಂಡಸರೆಲ್ಲ ಎದ್ದರು. ಒಬ್ಬ ಆಗಲೇ ಟ್ರ್ಯಾಕ್ಟರ್ ಏರಿದ್ದ. ಹಬ್ಬಕ್ಕೆ ಬಂದಿದ್ದ ಬಿಸೆರಾ ಓಡಿಹೋಗಿ ಗೇಟಿಗೆ ಅಡ್ಡ ನಿಂತಳು.

"ಯಾರೂ ಹೋಗ್ಬೇಡಿ. ಯಾರೂ ಕೂಗ್ಬೇಡಿ."

"ಸರಿ ಕಣಮ್ಮ ನೀನು" ಎಂದ ತ್ರಿಫೋನ್. "ಹಿಮ ಬೀಳೋ ಹಾಗಿದೆ. ನಾನು ಕೂತು ಉಣ್ಣಬೇಕಾ?"

"ಈಗ ಅವಳ ಕಣ್ಣಿಗೆ ನಾವೆಲ್ಲ ಅಟ್ಟಿಸಿಕೊಂಡು ಬರೋರೇ. ನೀವೂ ಅಷ್ಟೇ. ಹಿಂದೆ ಬಿದ್ರೆ ಪ್ಲೋವ್ದಿವ್ ರಸ್ತೆ ದಾಟೋ ತನಕ ಓಡ್ತಾಳೆ, ಅಲ್ಲಿ ಲಾರಿಗಳಿವೆ. ಬಿಟ್ರೆ ಹತ್ರದಲ್ಲೇ ಎಲ್ಲಾದ್ರೂ ಅಡಗಿ ಕೂತ್ಕೋತಾಳೆ. ಹೆದರಿದ ನಾಯಿ ಹುಡುಕಿದ್ರೆ ಸಿಗಲ್ಲ ಮಾವ. ಅದೇ ಬರ್ಬೇಕು, ನಾವು ಬರೋಕೆ ಬಿಡ್ಬೇಕು."

ಟ್ರ್ಯಾಕ್ಟರ್ ಸುಮ್ಮನಾಯಿತು. ಯಾರಿಗಾದರೂ ಸರ್ನಾ ಕಂಡರೆ ಕರೆಯಬಾರದು, ಹತ್ತಿರ ಹೋಗಬಾರದು, ಕಂಡ ಜಾಗವನ್ನು ಫೋನ್ ಮಾಡಿ ಹೇಳಬೇಕು ಎಂದು ಬಿಸೆರಾ ಎಲ್ಲರಿಗೂ ತಿಳಿಸಿದಳು. ಅಸೇನ್ ತನ್ನ ಕೋಟು ಬಿಚ್ಚಿ ಡೋಲಿಗೆ ಸುತ್ತಿ, ಅಪ್ಪಿತಪ್ಪಿಯೂ ಸದ್ದಾಗದಂತೆ ಮಗುವಿನ ಹಾಗೆ ಎತ್ತಿಕೊಂಡ. ಆ ಚಳಿಯಲ್ಲಿ ಬರೀ ಅಂಗಿಯಲ್ಲೇ ಮನೆಗೆ ನಡೆದ. ಉಳಿದವರೂ ಒಬ್ಬೊಬ್ಬರಾಗಿ, ಬೆಟ್ಟದ ದಾರಿ ಬಿಟ್ಟು ಕೆಳಗಿನ ಓಣಿಯಿಂದ ಹೋದರು. ಊಟ ಅರ್ಧಕ್ಕೇ ನಿಂತಿತೆಂದು ಯಾರೂ ಮುಖ ಗಂಟಿಕ್ಕಲಿಲ್ಲ.

ನೆವೆನಾ ತಾನು ತೊಟ್ಟು ಬಿಚ್ಚಿಟ್ಟಿದ್ದ ಉಣ್ಣೆಯ ಅಂಗಿಯನ್ನೂ ಬಿಸಿ ಮಾಂಸದ ಬಟ್ಟಲನ್ನೂ ಗೇಟಿನೊಳಗೆ ಇಟ್ಟಳು. ಮನೆಯವರ ವಾಸನೆ ನಾಯಿಗೆ ದಾರಿ ತೋರುತ್ತದೆ. ತ್ರಿಫೋನ್ ಮೆಟ್ಟಿಲ ಮೇಲೆ ಕುಳಿತಿದ್ದ, ಹಬ್ಬದ ಬಿಳಿ ಅಂಗಿಯಲ್ಲಿ.

"ಸಿಕ್ಕಿದ್ರೂ ವಾಪಸ್ ಕರ್ಕೊಂಡು ಹೋಗಿಬಿಡಮ್ಮ" ಎಂದ. "ಈ ಮನೆ ಇವಳಿಗೆ ಹೇಳಿದ್ದಲ್ಲ. ನನ್ನ ಗಂಟಲು, ನನ್ನ ಜನ, ಈ ಗದ್ದಲ. ನನಗೆ ಬೊಗಳೋ ನಾಯೀನೇ ಸರಿ."

ಬಿಸೆರಾ ಅವನ ಪಕ್ಕದಲ್ಲಿ ಕುಳಿತಳು. "ಮೊದಲಿನವರಿಬ್ಬರೂ ಸರ್ನಾ ಸರಿಯಿಲ್ಲ ಅಂದ್ರು. ನೀವು ನಮ್ಮನೆ ಸರಿಯಿಲ್ಲ ಅಂತಿದ್ದೀರಿ. ಮನೆ ಸರಿ ಮಾಡ್ಕೋಬಹುದು ಮಾವ. ಅದಕ್ಕೆ ಅವಳನ್ನ ಯಾಕೆ ಮತ್ತೆ ಆ ಮೂಲೆಗೆ ಕಳಿಸ್ತೀರಿ?"

ಆ ರಾತ್ರಿ ಅವರ ಮನೆ, ನನ್ನ ಮನೆ, ಬಿಸೆರಾಳ ಮನೆ, ಮೂರರಲ್ಲೂ ದೀಪ ಆರಲಿಲ್ಲ.

ಬೆಳಿಗ್ಗೆ ನಾನೂ ಬಿಸೆರಾಳೂ ಮತ್ತೆ ಅವರ ಮನೆಯಲ್ಲಿದ್ದಾಗ ಅಸೇನ್ ಫೋನ್ ಮಾಡಿದ. ಕುರಿಗಳಿಗೆ ಮೇವು ಒಯ್ಯುವಾಗ, ತ್ರಿಫೋನ್‌ನ ದ್ರಾಕ್ಷಿತೋಟದ ಮೇಲ್ತುದಿಯ ಗುಡಿಸಲ ಕೆಳಗೆ ಒಂದು ನೆಟ್ಟಗಿನ ಕಿವಿ ಕಂಡಿತಂತೆ. ನಿಲ್ಲದೆ, ಕರೆಯದೆ, ಗಾಡಿ ತಿರುಗಿಸಿ ಬೆಟ್ಟ ಸುತ್ತಿಕೊಂಡು ವಾಪಸಾದನಂತೆ. "ಕುರಿಗಳು ಬಯ್ಕೋತಿವೆ, ಪರವಾಗಿಲ್ಲ" ಎಂದ.

ತ್ರಿಫೋನ್ ಎದ್ದು ನಿಂತ. ಬಿಸೆರಾ ಅವನ ತೋಳು ಹಿಡಿದಳು.

"ಈ ಕಾಲದಲ್ಲಿ ತೋಟದಲ್ಲಿ ನೀವು ದಿನಾ ಏನು ಮಾಡ್ತೀರಿ?"

"ಏನು ಮಾಡ್ತಾರೆ, ಬಳ್ಳಿ ಕತ್ತರಿಸ್ತೀನಿ."

"ಅದನ್ನೇ ಮಾಡಿ. ಅವಳಿಗೆ ಬೆನ್ನು ಹಾಕಿ, ಮೇಲಿಂದ ಕೆಳಗೆ, ಮನೆ ಕಡೆ ಬರ್ತಾ ಕತ್ತರಿಸಿ. ಒಂದೊಂದು ಗೂಟದ ಹತ್ರ ಒಂದೊಂದು ಚೂರು ಮಾಂಸ ಹಾಕಿ. ಮೆಲ್ಲಗೆ ಮಾತಾಡ್ತಾ ಇರಿ. ತಿರುಗಿ ಮಾತ್ರ ನೋಡ್ಬೇಡಿ."

"ಬರ್ತಾಳೋ ಇಲ್ವೋ ಗೊತ್ತಾಗೋದು ಹೇಗೆ?"

"ಗೊತ್ತಾಗೋದು ಬೇಡ."

ಆ ತೋಟ ಅವರ ಮನೆಯ ಹಿಂದಿನ ಇಳಿಜಾರಿನಲ್ಲೇ ಇದೆ. ನಾವು ಮೂವರು ಹೆಂಗಸರು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದೆವು. ಹಿಮ ತೆಳುವಾಗಿ ಬಿದ್ದಿತ್ತು. ತ್ರಿಫೋನ್ ದೂರದ ದಾರಿಯಿಂದ ಬಳಸಿಕೊಂಡು ಮೇಲೆ ಹತ್ತಿ, ಗುಡಿಸಲಿನಿಂದ ಸಾಕಷ್ಟು ಈಚೆಗೆ ಬಗ್ಗಿ ಕತ್ತರಿಸಲು ಶುರುಮಾಡಿದ. ಟಕ್, ಟಕ್ ಎಂದು ಕತ್ತರಿಯ ಸದ್ದು. ತುಂಬ ಹೊತ್ತು ಏನೂ ಆಗಲಿಲ್ಲ. ಅವನು ಒಂದು ಬಳ್ಳಿ ಮುಗಿಸಿ ಕೆಳಗಿನದಕ್ಕೆ ಇಳಿದ, ಅದನ್ನೂ ಮುಗಿಸಿದ. ಒಮ್ಮೆ ಕುತ್ತಿಗೆ ತಿರುಗಿಸಲು ಹೋಗಿ, ತಡೆದುಕೊಂಡು, ಟೋಪಿ ಸರಿಮಾಡಿಕೊಂಡ.

ಆಗ ಗುಡಿಸಲ ಕೆಳಗಿನಿಂದ ಸರ್ನಾ ಹೊರಗೆ ಬಂದಳು.

ನೆವೆನಾ ನನ್ನ ಕೈ ಹಿಡಿದುಕೊಂಡಳು. ಸರ್ನಾ ಮೊದಲ ಗೂಟದ ಹತ್ತಿರ ನಿಂತು ಮೂಸಿದಳು. ತಿಂದಳು. ಕುಳಿತಳು. ಅವನು ಇಳಿದರೆ ಇಳಿಯುತ್ತಿದ್ದಳು, ನಿಂತರೆ ನಿಲ್ಲುತ್ತಿದ್ದಳು. ಅವನಿಗೆ ಇದೊಂದೂ ಗೊತ್ತಿಲ್ಲ. ಖಾಲಿ ಬೆಟ್ಟಕ್ಕೆ ಮಾತಾಡುತ್ತಿದ್ದೇನೆಂದೇ ತಿಳಿದು ಭಾವಮೈದುನನನ್ನು ಬಯ್ಯುತ್ತ ಬಳ್ಳಿ ಕತ್ತರಿಸುತ್ತಿದ್ದ. ಕೊನೆಯ ಬಳ್ಳಿ ಮುಗಿಸಿ ಅಂಗಳಕ್ಕೆ ಬಂದ. ನಮ್ಮ ಮುಖ ನೋಡಿದರೆ ಎಲ್ಲಿ ಎದೆಯೊಡೆಯುತ್ತದೋ ಎಂದು ನೋಡಲಿಲ್ಲವಂತೆ. ಮೆಟ್ಟಿಲ ಮೇಲೆ ಪಕ್ಕಕ್ಕೆ ತಿರುಗಿ, ಗೋಡೆ ನೋಡಿಕೊಂಡು ಕುಳಿತ.

ಸರ್ನಾ ಗೇಟಿನಲ್ಲಿ ನಿಂತಳು. ನೆವೆನಾಳ ಅಂಗಿಯನ್ನು ಮೂಸಿದಳು. ಆಮೇಲೆ ಅಂಗಳ ದಾಟಿ ಬಂದು, ತ್ರಿಫೋನ್‌ನ ಕೋಟಿನ ಜೇಬಿಗೆ ಮೂತಿ ತೂರಿಸಿದಳು. ನೆವೆನಾ ಆಚೆಯ ಬಾಗಿಲಿನಿಂದ ಹೋಗಿ ಗೇಟನ್ನು ಮೆತ್ತಗೆ ಮುಚ್ಚಿದಳು.

"ಈಗ ನೋಡ್ಲಾ?" ಎಂದ ತ್ರಿಫೋನ್ ಗೋಡೆಗೆ.

"ಬೇಡ ಮಾವ" ಎಂದಳು ಬಿಸೆರಾ ಕಿಟಕಿಯಿಂದ. "ತಿಂದು ಮುಗಿಸ್ಲಿ."

ಅವನ ಭುಜ ಅಲುಗಾಡುತ್ತಿತ್ತು. ಅವನು ನಗುತ್ತಿದ್ದಾನೋ ಅಳುತ್ತಿದ್ದಾನೋ ಎಂದು ನಾವು ಕೇಳಲಿಲ್ಲ. ಸರ್ನಾ ಒಳಗೆ ಹೋಗಿ ಬೆಂಚಿನ ಕೆಳಗೆ ಸುತ್ತು ಹೊಡೆದು ಮಲಗಿದ ಮೇಲೆ, ಬಿಸೆರಾ ಮೆಟ್ಟಿಲಿಗೆ ಬಂದು ಕೇಳಿದಳು: "ಗಾಡಿ ತಂದಿದ್ದೀನಿ ಮಾವ. ನಿನ್ನೆ ಹೇಳಿದ್ರಲ್ಲ, ಕರ್ಕೊಂಡು ಹೋಗ್ಲಾ?"

"ಯಾರನ್ನ?" ಎಂದ ಅವನು. "ನಮ್ಮನೆಯವಳು ಮಲಗಿದ್ದಾಳೆ, ಮೆತ್ತಗೆ ಮಾತಾಡು."

ಅದೇ ವಾರ ಅಸೇನ್ ಹಲಗೆ ತಂದ. ಹೊರಗಿನ ಗೇಟಿನ ಒಳಗೆ, ಅಂಗಳಕ್ಕೆ ಇನ್ನೊಂದು ಸಣ್ಣ ಬಾಗಿಲು ಕಟ್ಟಿದರು. ಹೊರಗಿನದು ಹಬ್ಬಕ್ಕೆ ತೆರೆದಿರಲಿ, ಒಳಗಿನದು ಒಬ್ಬರು ಬಂದ ಮೇಲೆ ಮುಚ್ಚಿ ಇನ್ನೊಬ್ಬರಿಗೆ ತೆರೆಯಲಿ. ಹಿಂದಿನ ಕೋಣೆಗೆ ಬೀಗವೂ ಬಂತು. ಸರ್ನಾ ಇಂದಿಗೂ ಬೊಗಳುವುದಿಲ್ಲ, ಕೋಳಿಗಳೇ ಅವಳನ್ನು ಓಡಿಸುತ್ತವೆ. ಆದರೆ ತ್ರಿಫೋನ್ ಕತ್ತರಿ ಹಿಡಿದು ತೋಟಕ್ಕೆ ಹೊರಟರೆ ಅವಳೂ ಹಗ್ಗ ಕಟ್ಟಿಸಿಕೊಂಡು ಹೊರಡುತ್ತಾಳೆ. ಬಾಲ ಈಗ ತುದಿಯಲ್ಲ, ಬುಡದಿಂದಲೇ ಆಡುತ್ತದೆ.

ಓದುತ್ತಿರುವ ನೀವೂ ಇದನ್ನು ಮಾಡಬಲ್ಲಿರಿ. ಅಂಜುಬುರುಕ ನಾಯಿಗೆ ದೊಡ್ಡ ಮನೆ ಬೇಡ, ದೊಡ್ಡ ಅಂಗಳ ಬೇಡ. ಒಂದು ಶಾಂತವಾದ ಮೂಲೆ, ಗಟ್ಟಿಯಾಗಿ ಮುಚ್ಚುವ ಬಾಗಿಲು, ಅವಸರಿಸದ ಮನುಷ್ಯರು ಸಾಕು. ವಾರದೊಳಗೆ ಅದು ಬಾಲ ಆಡಿಸದಿದ್ದರೆ ನಿಮ್ಮನ್ನು ಬೇಡವೆಂದಿತು ಎಂದುಕೊಳ್ಳಬೇಡಿ. ಅದು ನಿಮ್ಮನ್ನು ಕಲಿಯುತ್ತಿರುತ್ತದೆ, ಕಲಿಯಲು ತಿಂಗಳುಗಳೂ ಹಿಡಿಯಬಹುದು. ತಪ್ಪು ಆದೀತು. ಆದಾಗ ನಾಯಿಯನ್ನು ವಾಪಸು ಕೊಡುವ ಮೊದಲು ಆಶ್ರಯಧಾಮಕ್ಕೆ ಫೋನ್ ಮಾಡಿ, ಯಾರಾದರೂ ಬಂದು ನಿಮ್ಮ ಪಕ್ಕದಲ್ಲಿ ಕೂರುತ್ತಾರೆ. ನಿಮಗೆ ನಾಯಿ ಸಾಕಲು ಆಗದಿದ್ದರೂ ಚಿಂತೆಯಿಲ್ಲ. ತಪ್ಪಿಸಿಕೊಂಡ ನಾಯಿಯೊಂದು ಕಣ್ಣಿಗೆ ಬಿದ್ದರೆ ಅಟ್ಟಬೇಡಿ, ಕರೆಯಬೇಡಿ, ಎಲ್ಲಿ ಕಂಡಿತೆಂದು ತಿಳಿಸಿ.

ಈಗ ನನ್ನ ಅಡುಗೆಮನೆಯಲ್ಲಿ ಒಂದು ಕಪ್ಪು ಗಂಡುನಾಯಿ ಇದ್ದಾನೆ. ಚಮಚ ಬಿದ್ದರೂ ನಡುಗುತ್ತಾನೆ. ಒಳ್ಳೆಯವನು. ಅವನನ್ನು ನೋಡಲು ಬಂದವರು ಇನ್ನೂ ಯಾರೂ ಇಲ್ಲ. ನೀವು ಒಂದು ಮಧ್ಯಾಹ್ನ ಬನ್ನಿ, ಕಾಫಿ ಮಾಡುತ್ತೇನೆ. ಅವನ ಕಡೆ ನೋಡಬೇಡಿ. ನಾವಿಬ್ಬರೂ ಮಾತಾಡುತ್ತ ಕೂರೋಣ, ಅವನೇ ನಿಮ್ಮನ್ನು ನೋಡಲಿ.